ಪುಣೆಯಲ್ಲಿ ಓದುವವರು ಬಾಡಿಗೆ ರೂಮು ಹಿಡಿಯುವ ಕ್ರಮ: ಟೋಕನ್ ಕೊಡುವ ಮೊದಲು ಏನೇನು ಆಗಬೇಕು

ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಮಕ್ಕಳನ್ನು ಪುಣೆಗೆ ಓದಲು ಕಳಿಸುವ ಪಾಲಕರು ವರ್ಷವರ್ಷವೂ ಒಂದೇ ಕಡೆ ಎಡವುತ್ತಿದ್ದಾರೆ. ರೂಮು ಕೈತಪ್ಪೀತು ಎಂಬ ಅವಸರದಲ್ಲಿ ಮೊದಲು ಟೋಕನ್ ಎಂದು ಮುಂಗಡ ಹಣ ಕೊಟ್ಟುಬಿಡುತ್ತಾರೆ, ಕಾಗದಪತ್ರದ ಮಾತನ್ನು ಆಮೇಲೆ ನೋಡೋಣ ಎಂದು ಮುಂದಕ್ಕೆ ಹಾಕುತ್ತಾರೆ. ಹಣ ಕೈಬಿಟ್ಟ ಮೇಲೆ ಕಾಗದ ಕೇಳುವ ಬಲ ಉಳಿಯುವುದಿಲ್ಲ. ಎರಡನೆಯ ತಪ್ಪು ನಮ್ಮ ಕಡೆಯ ರೂಢಿಯಿಂದ ಬಂದದ್ದು: ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆಸಿ, ನೋಟರಿ ಮಾಡಿಸಿದರೆ ಕೆಲಸ ಮುಗಿಯಿತೆಂದು ತಿಳಿಯುವುದು. ಮಹಾರಾಷ್ಟ್ರದಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ.

ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಬೇಕು. ಕ್ರಮ ತಪ್ಪಿದರೆ ಪ್ರತಿ ಹಂತ ಸರಿಯಾಗಿದ್ದರೂ ಉಪಯೋಗವಾಗದು.

ಹಂತ 1: ಹೊರಡುವ ಮೊದಲು

ಕಾಲೇಜು ಖಚಿತವಾಗುವ ತನಕ ರೂಮಿಗೆ ಹಣ ಕಟ್ಟಬೇಡಿ. ಪ್ರವೇಶದ ಸುತ್ತುಗಳು ನಡೆಯುತ್ತಿರುವಾಗ ಮೊದಲ ಸುತ್ತಿನಲ್ಲಿ ಆಕುರ್ಡಿಯ ಕಾಲೇಜು ಸಿಕ್ಕವರಿಗೆ ಮುಂದಿನ ಸುತ್ತಿನಲ್ಲಿ ಧನಕವಡಿಯ ಕಾಲೇಜು ಸಿಗಬಹುದು. ಇವೆರಡೂ ಊರಿನ ಎರಡು ತುದಿಗಳು. ಅಷ್ಟರಲ್ಲಿ ಆಕುರ್ಡಿಯಲ್ಲಿ ರೂಮು ಹಿಡಿದಿದ್ದರೆ ಆ ಡಿಪಾಸಿಟ್ ಹಿಂದೆ ಬರುವುದು ಮಾಲೀಕರ ಮರ್ಜಿಗೆ ಬಿಟ್ಟದ್ದು.

ಜೊತೆಗೆ ಒಯ್ಯಬೇಕಾದವು ಇಷ್ಟು: ವಿದ್ಯಾರ್ಥಿಯ ಮತ್ತು ಪಾಲಕರ ಆಧಾರ್, ಪ್ಯಾನ್, ಭಾವಚಿತ್ರಗಳು, ಪ್ರವೇಶಪತ್ರ ಅಥವಾ ಶುಲ್ಕದ ರಸೀದಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿ ಇರಬೇಕು. ಎಮ್‌ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಟ್ಟಿದ್ದರೆ ಅದನ್ನು ತೆರೆಯುವ ಬಗೆ ಮೊದಲೇ ತಿಳಿದಿರಲಿ, ಏಕೆಂದರೆ ಕರಾರಿನ ನೋಂದಣಿ ಹೆಬ್ಬೆಟ್ಟಿನ ಗುರುತಿನ ಮೇಲೆ ನಡೆಯುತ್ತದೆ.

ಇನ್ನೊಂದು ಸಂಗತಿಯನ್ನು ಬಹಳ ಜನ ಕೊನೆಯ ಗಳಿಗೆಯಲ್ಲಿ ಕಂಡುಕೊಳ್ಳುತ್ತಾರೆ. ಪಿಯುಸಿ ಮುಗಿಸಿ ಬಂದ ವಿದ್ಯಾರ್ಥಿಗೆ ಹಲವು ಸಲ 17 ವರ್ಷವಷ್ಟೇ ಆಗಿರುತ್ತದೆ. 18 ತುಂಬದವರು ಕರಾರು ಮಾಡಿಕೊಳ್ಳಲು 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅರ್ಹರಲ್ಲ. ಆಗ ಕರಾರು ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ಆಗಬೇಕು, ಮಗುವಿನ ಹೆಸರು ವಾಸ ಮಾಡುವವರ ಪಟ್ಟಿಯಲ್ಲಿ ಬರಬೇಕು. ಪಾಲಕರು ಪ್ರವೇಶ ಮುಗಿಸಿ ಊರಿಗೆ ಮರಳಿದ ಮೇಲೆ ಹೆಬ್ಬೆಟ್ಟಿಗಾಗಿ ಮತ್ತೆ ಕರೆಸಬೇಕಾಗುತ್ತದೆ. ಹೀಗಾಗಿ ಪ್ರವೇಶದ ಕೆಲಸಕ್ಕೆ ಬಂದಾಗಲೇ ನಾಲ್ಕೈದು ದಿನ ನಿಲ್ಲುವ ಏರ್ಪಾಡು ಮಾಡಿಕೊಂಡು ಬರುವುದು ಒಳ್ಳೆಯದು.

ಹಂತ 2: ಬಡಾವಣೆ ಆರಿಸುವುದು

ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ ಬೆಳಗಿನ ಎಂಟೂವರೆಯ ಹೊತ್ತಿನಲ್ಲಿ ಹಿಡಿಯುವ ಸಮಯದಲ್ಲಿ ಅಳೆಯಿರಿ. ವಿಶ್ವವಿದ್ಯಾಲಯದ ಚೌಕ, ಕರ್ವೆ ರಸ್ತೆ, ಕಾತ್ರಜ್, ಹಿಂಜವಡಿ ಇವೆಲ್ಲ ನಕ್ಷೆಯಲ್ಲಿ ಕಾಣುವಷ್ಟು ಹತ್ತಿರವಲ್ಲ.

ಫರ್ಗ್ಯುಸನ್, ಬಿಎಮ್‌ಸಿಸಿ, ಐಎಲ್‌ಎಸ್, ಸಿಒಇಪಿ ಸೇರಿದವರಿಗೆ ಶಿವಾಜಿನಗರ, ಡೆಕ್ಕನ್, ಮಾಡೆಲ್ ಕಾಲೊನಿ ನಡೆದು ಹೋಗುವಷ್ಟು ಸಮೀಪ, ಆದರೆ ಬಾಡಿಗೆ ಹೆಚ್ಚು. ಅವರು ಕೋಥ್ರೂಡಿನಲ್ಲಿ ರೂಮು ಹಿಡಿದು ವನಾಜ್‌ನಿಂದ ಮೆಟ್ರೊದಲ್ಲಿ ಬರಬಹುದು. ನಳ ಸ್ಟಾಪ್, ಗರವಾರೆ ಕಾಲೇಜು, ಡೆಕ್ಕನ್ ಎಲ್ಲವೂ ಅದೇ ಮಾರ್ಗದಲ್ಲಿವೆ. ಕಮಿನ್ಸ್ ಕಾಲೇಜಿನ ಹುಡುಗಿಯರಿಗೆ ಕರ್ವೆನಗರ, ಪಿಐಸಿಟಿ ಮತ್ತು ಭಾರತಿ ವಿದ್ಯಾಪೀಠದವರಿಗೆ ಧನಕವಡಿ, ವಿಐಟಿಯವರಿಗೆ ಬಿಬ್ವೆವಾಡಿ ಸರಿಹೋಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಸದಾಶಿವ ಪೇಠ, ನಾರಾಯಣ ಪೇಠಗಳಲ್ಲಿ ಸೇರುತ್ತಾರೆ. ಅಲ್ಲಿನ ಹಳೆಯ ವಾಡೆಗಳಲ್ಲಿ ಬಾಡಿಗೆ ಕಡಿಮೆ ಎನಿಸಿದರೆ ಕಟ್ಟಡಕ್ಕೆ ಪಾಲಿಕೆಯ ಅಪಾಯದ ನೋಟಿಸು ಬಂದಿದೆಯೇ ಎಂದು ಅಕ್ಕಪಕ್ಕದವರನ್ನು ಕೇಳಿ. ಮಳೆಗಾಲಕ್ಕೆ ಮುಂಚೆ ಪಾಲಿಕೆ ಇಂಥ ನೋಟಿಸುಗಳನ್ನು ಕೊಡುತ್ತದೆ.

ಹಂತ 3: ವಸತಿಯ ಬಗೆ ನಿರ್ಧರಿಸುವುದು

ಗೋಡೆ ಮತ್ತು ಕಂಬಗಳ ಮೇಲಿನ ಚೀಟಿಗಳಲ್ಲಿ ‘ಕಾಟ್ ಬೇಸಿಸ್’ ಎಂದು ಕಾಣುವುದು ಪುಣೆಯ ರೂಢಿ. ರೂಮು ಹಂಚಿಕೆಯದ್ದು, ಬಾಡಿಗೆ ಒಂದು ಮಂಚಕ್ಕೆ ಎಂದು ಇದರ ಅರ್ಥ. ಮೊದಲ ವರ್ಷದವರಿಗೆ ಇದೇ ಸುಲಭ, ಆದರೆ ಇಲ್ಲಿ ಸಾಮಾನ್ಯವಾಗಿ ನೋಂದಾಯಿತ ಕರಾರು ಸಿಗುವುದಿಲ್ಲ. ಹಾಗಾಗಿ ಡಿಪಾಸಿಟ್‌ಗೆ ಸಹಿಯಿರುವ ರಸೀದಿ, ಊಟ ಸೇರಿದೆಯೋ ಇಲ್ಲವೋ, ಬಾಗಿಲು ಹಾಕುವ ಹೊತ್ತು, ನಡುವೆ ಬಿಟ್ಟರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅಂಕಪಟ್ಟಿಯ ಮೂಲಪ್ರತಿಯನ್ನು ಯಾರಿಗೂ ಒತ್ತೆ ಇಡಬೇಡಿ. ಜಿಎಸ್‌ಟಿ ಎಂದು ಬಿಲ್ಲಿಗೆ ಹೆಚ್ಚು ಸೇರಿಸಿದರೆ ಪ್ರಶ್ನಿಸಿ: ತಿಂಗಳಿಗೆ ತಲಾ 20,000 ರೂಪಾಯಿವರೆಗಿನ, ಕನಿಷ್ಠ 90 ದಿನ ಎಡೆಬಿಡದೆ ಇರುವ ವಸತಿಗೆ 2024ರ ಜುಲೈನಿಂದ ವಿನಾಯಿತಿ ಇದೆ.

ಮೂರು ನಾಲ್ಕು ಜನ ಸೇರಿ ಫ್ಲಾಟ್ ಹಿಡಿಯುವುದಾದರೆ ತಲಾ ಖರ್ಚು ಇಳಿಯುತ್ತದೆ, ಜವಾಬ್ದಾರಿ ಏರುತ್ತದೆ. ಸೊಸೈಟಿಯಲ್ಲಿ, ಅಂದರೆ ಆ ಕಟ್ಟಡದ ಫ್ಲಾಟುದಾರರ ಸಂಘದಲ್ಲಿ, ಓದುವ ಹುಡುಗರಿಗೆ, ಹುಡುಗಿಯರಿಗೆ ಒಪ್ಪಿಗೆ ಇದೆಯೇ ಎಂಬುದನ್ನು ಮಾಲೀಕರ ಬಾಯಿಮಾತಿಗೆ ಬಿಡದೆ ಸೊಸೈಟಿಯ ಕಾರ್ಯದರ್ಶಿಯನ್ನೇ ಕೇಳಿ. ಸಾಮಾನು ಇಳಿಸಿದ ಮೇಲೆ ಗೇಟಿನಲ್ಲಿ ತಡೆಸಿಕೊಂಡವರು ಕಡಿಮೆ ಇಲ್ಲ. ಮಾಲೀಕ ತಾನು ವಾಸಿಸದೆ ಫ್ಲಾಟನ್ನು ಬಾಡಿಗೆಗೆ ಕೊಟ್ಟರೆ ಸೊಸೈಟಿಗೆ ಕಟ್ಟಬೇಕಾದ ಹೆಚ್ಚುವರಿ ಶುಲ್ಕವು ಸೇವಾಶುಲ್ಕದ ಶೇ. 10 ಮೀರುವಂತಿಲ್ಲ, ಮತ್ತು ಅದು ಮಾಲೀಕರು ಕಟ್ಟುವ ಬಾಬತ್ತು. ಅದನ್ನು ನಿಮ್ಮ ಲೆಕ್ಕಕ್ಕೆ ಹಾಕಲು ಬಂದರೆ ಬಾಡಿಗೆ ಮಾತನಾಡುವಾಗಲೇ ತೆಗೆಸಿಬಿಡಿ.

ಹಂತ 4: ಹುಡುಕುವಾಗ ಮೋಸ ಗುರುತಿಸುವುದು

ಆ್ಯಪ್‌ಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಕಾಲೇಜಿನ ಸೀನಿಯರ್‌ಗಳ ಬಳಿ ಹುಡುಕಿ. ಮೇ ಜೂನ್‌ನಲ್ಲಿ ಕೊನೆಯ ವರ್ಷದವರು ಬಿಟ್ಟುಹೋಗುವ ರೂಮುಗಳ ಸುದ್ದಿ ಸೀನಿಯರ್‌ಗಳಿಗೆ ದಲ್ಲಾಳಿಗಿಂತ ಮೊದಲು ತಿಳಿದಿರುತ್ತದೆ. ನಮ್ಮೂರವರು, ನಮ್ಮ ಭಾಷೆಯವರು ಎಂಬ ನಂಟು ವಿಳಾಸ ಹುಡುಕಲು ನೆರವಾಗಲಿ. ಕಾಗದ ಕೇಳುವುದಕ್ಕೆ ಸಂಕೋಚ ತರದಿರಲಿ.

ಮೋಸದ ಚಹರೆ ಹೆಚ್ಚು ಬದಲಾಗಿಲ್ಲ. ಕರ್ವೆ ರಸ್ತೆಯಂಥ ಜಾಗದಲ್ಲಿ ಸುಸಜ್ಜಿತ ಫ್ಲಾಟು ಅರ್ಧ ಬಾಡಿಗೆಗೆ ಕಾಣುತ್ತದೆ. ಕರೆ ಮಾಡಿದರೆ ಆ ಕಡೆಯವನು ತಾನು ಸೈನ್ಯದಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ ಎಂದು ಗುರುತಿನ ಚೀಟಿಯ ಚಿತ್ರ ಕಳಿಸುತ್ತಾನೆ. ಫ್ಲಾಟು ನೋಡಲು ಗೇಟ್ ಪಾಸ್ ಬೇಕು, ಅದಕ್ಕೆ ಇಷ್ಟು ಹಣ, ಆಮೇಲೆ ಹಿಂದಿರುಗುತ್ತದೆ ಎನ್ನುತ್ತಾನೆ. ಹಣ ಹಿಂದಿರುಗಿಸುವೆ ಎಂದು ಕ್ಯುಆರ್ ಕೋಡ್ ಕಳಿಸಿ ಪಿನ್ ಒತ್ತಲು ಹೇಳುತ್ತಾನೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಪಿನ್ ಕೇಳಿದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತಿದೆ ಎಂದೇ ಅರ್ಥ. ಮೋಸ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ.

ದಲ್ಲಾಳಿಯ ಮೂಲಕ ಹೋಗುವುದಾದರೆ ಹನ್ನೊಂದು ತಿಂಗಳ ಕರಾರಿಗೆ ಒಂದು ತಿಂಗಳ ಬಾಡಿಗೆಯಷ್ಟು ದಲ್ಲಾಳಿ ಕೇಳುವುದು ಇಲ್ಲಿ ಸಾಮಾನ್ಯ. ಕರಾರು ನವೀಕರಿಸುವಾಗ ಮತ್ತೆ ಕೊಡಬೇಕೇ ಎಂಬುದನ್ನು ಮೊದಲೇ ಮಾತಾಡಿ, ಹಣವನ್ನು ನೋಂದಣಿಯಾದ ದಿನ ಕೊಡಿ. ರೂಮು ತೋರಿಸುವುದಕ್ಕೇ ಹಣ ಕೇಳುವವನನ್ನು ಬಿಟ್ಟುಬಿಡಿ.

ಹಂತ 5: ರೂಮು ನೋಡುವುದು

ಒಂದೇ ರೂಮನ್ನು ಎರಡು ಬಾರಿ, ಹಗಲಿನಲ್ಲೊಮ್ಮೆ ಮತ್ತು ರಾತ್ರಿ ಒಂಬತ್ತರ ನಂತರ ಒಮ್ಮೆ ನೋಡಬೇಕು. ಹಗಲಿನಲ್ಲಿ ಗೋಡೆ, ನೀರು, ಬೆಳಕು ತಿಳಿಯುತ್ತದೆ. ಬೀದಿದೀಪ ಉರಿಯುತ್ತದೆಯೇ, ಬಸ್ಸು ಇಳಿದು ನಡೆಯುವ ಓಣಿ ಹೇಗಿದೆ, ಕೆಳಗಿನ ಅಂಗಡಿಯ ಗದ್ದಲ ಯಾವಾಗ ನಿಲ್ಲುತ್ತದೆ ಎಂಬುದು ರಾತ್ರಿಯಷ್ಟೇ ತಿಳಿಯುತ್ತದೆ. ಹೆಣ್ಣುಮಕ್ಕಳ ವಸತಿಗಂತೂ ಈ ರಾತ್ರಿಯ ಭೇಟಿಯನ್ನು ತಪ್ಪಿಸಲೇಬೇಡಿ.

ಪುಣೆಯ ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ತೇವ ಮೇ ತಿಂಗಳಿನಲ್ಲಿ ಬರಿಗಣ್ಣಿಗೆ ಕಾಣುವುದಿಲ್ಲ, ಗುರುತು ಹುಡುಕಬೇಕು. ಕೋಣೆಯ ಉಳಿದ ಗೋಡೆಗಳು ಹಳೆಯ ಬಣ್ಣದಲ್ಲಿದ್ದು ಒಂದೇ ಗೋಡೆಯ ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ನೀರು ಇಳಿದಿದೆ ಎಂದು ತಿಳಿಯಿರಿ. ಕಪಾಟಿನ ಬಾಗಿಲು ತೆರೆದು ಒಳಗೆ ಮೂಗಿಟ್ಟು ನೋಡಿ. ಹಿಂಬದಿಯ ಪ್ಲೈವುಡ್ ಉಬ್ಬಿ ಹಾಳೆ ಹಾಳೆಯಾಗಿ ಎದ್ದಿದ್ದರೆ ಜುಲೈನಲ್ಲಿ ಅಲ್ಲಿಟ್ಟ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಕೊನೆಯ ಮಹಡಿಯ ಮೇಲೆ ತಗಡು ಹೊದಿಸಿ ಕಟ್ಟಿದ ಕೋಣೆಗಳಿಗೆ ಬಾಡಿಗೆ ಕಡಿಮೆ ಇರುತ್ತದೆ, ಏಪ್ರಿಲ್ ಪರೀಕ್ಷೆಯ ಹೊತ್ತಿಗೆ ಅಲ್ಲಿ ಮಧ್ಯಾಹ್ನ ಕೂತು ಓದಲಾಗದು.

ನೀರಿನ ವಿಚಾರದಲ್ಲಿ ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ, ಚೌಕಿದಾರನನ್ನು ಅಥವಾ ಪಕ್ಕದ ಮನೆಯವರನ್ನು ಕೇಳಿ. ಪಾಲಿಕೆಯ ನೀರು ಎಷ್ಟು ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆಯೇ, ಅದರ ಖರ್ಚು ಯಾರದು ಎಂದು ತಿಳಿಯಬೇಕು. ದುರಸ್ತಿಗೆಂದು ಗುರುವಾರಗಳಲ್ಲಿ ನೀರು ನಿಲ್ಲಿಸುವುದು ಇಲ್ಲಿ ಆಗಾಗ ನಡೆಯುತ್ತದೆ, ಮೇಲಿನ ತೊಟ್ಟಿ ಚಿಕ್ಕದಿದ್ದರೆ ಶುಕ್ರವಾರ ಬೆಳಿಗ್ಗೆ ಸ್ನಾನಕ್ಕೂ ತತ್ವಾರ.

ವಿದ್ಯುತ್ತಿಗೆ ಮಹಾವಿತರಣದ (ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿಯ) ಪ್ರತ್ಯೇಕ ಮೀಟರ್ ಇದೆಯೇ, ಸಬ್‌ಮೀಟರ್ ಇದೆಯೇ ನೋಡಿ. ಸಬ್‌ಮೀಟರ್ ಆದರೆ ಒಂದು ಯೂನಿಟ್ಟಿಗೆ ಎಷ್ಟು ಎಂಬುದನ್ನು ಬರೆಸಿಕೊಳ್ಳಿ. ಕೋಣೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ ಒಂದು ನಿಮಿಷ ಮೀಟರ್ ಮುಂದೆ ನಿಂತರೆ, ಅದು ಬೇರೆಯವರ ದೀಪಕ್ಕೂ ಸೇರಿ ಓಡುತ್ತಿದೆಯೇ ಎಂಬುದು ಗೊತ್ತಾಗುತ್ತದೆ.

ಊಟದ ವಿಚಾರ ಚಿಕ್ಕದು: ನಡೆದು ಹೋಗುವ ದೂರದಲ್ಲಿ ಖಾನಾವಳಿ ಇದೆಯೇ ನೋಡಿ, ತಿಂಗಳ ಹಣ ಕಟ್ಟುವ ಮೊದಲು ಒಂದು ವಾರ ದಿನದ ಲೆಕ್ಕದಲ್ಲಿ ಉಣ್ಣಿ.

ಹಂತ 6: ಮಾಲೀಕರು ನಿಜವಾದ ಮಾಲೀಕರೇ?

ರೂಮು ಒಪ್ಪಿಗೆಯಾದ ಮೇಲೆ, ಹಣಕ್ಕೆ ಕೈಹಾಕುವ ಮೊದಲು, ಮೂರು ಕಾಗದಗಳ ಮೇಲಿನ ಹೆಸರು ಒಂದೇ ಇದೆಯೇ ನೋಡಬೇಕು: ಪಾಲಿಕೆಯ ಆಸ್ತಿ ತೆರಿಗೆಯ ರಸೀದಿ, ವಿದ್ಯುತ್ ಬಿಲ್ಲು, ಮಾಲೀಕರ ಗುರುತಿನ ಚೀಟಿ. ವಿದ್ಯುತ್ ಬಿಲ್ಲು ತೀರಿಹೋದ ಹಿರಿಯರ ಹೆಸರಿನಲ್ಲಿ ಇರುವುದುಂಟು, ಅಷ್ಟಕ್ಕೇ ಸಂಶಯ ಬೇಡ. ಆದರೆ ಮೂರರಲ್ಲಿ ಒಂದೂ ಹೊಂದದಿದ್ದರೆ ಅಲ್ಲಿಂದ ಎದ್ದು ಬನ್ನಿ. ಎದುರಿಗೆ ಕುಳಿತವರು ಮಾಲೀಕರಲ್ಲದೆ ಅವರ ಪರವಾಗಿ ಬಂದವರಾದರೆ ಅಧಿಕಾರಪತ್ರ ತೋರಿಸಬೇಕು.

ತಾನೇ ಬಾಡಿಗೆಗೆ ಇರುವವನು ಒಳಬಾಡಿಗೆಗೆ ಕೊಡುವುದು ಎಲ್ಲಕ್ಕಿಂತ ಅಪಾಯದ ವ್ಯವಹಾರ. ಅವನ ಕರಾರು ಮುಗಿದ ದಿನ ನಿಮ್ಮ ಹಕ್ಕೂ ಮುಗಿಯುತ್ತದೆ.

ನೀವು ಕೊಡುವ ಆಧಾರ್ ಪ್ರತಿಯ ವಿಷಯದಲ್ಲೂ ಎಚ್ಚರವಿರಲಿ. ಮೊದಲ ಮಾತುಕತೆಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಪ್ರತಿ ಸಾಕು, ಪೂರ್ಣ ಸಂಖ್ಯೆ ನೋಂದಣಿಯ ಹೊತ್ತಿಗೆ ಕೊಟ್ಟರಾಯಿತು. ಪ್ರತಿಯ ಮೇಲೆ ಯಾವ ಕಾರಣಕ್ಕೆ ಕೊಟ್ಟದ್ದು ಎಂದು ಅಡ್ಡಲಾಗಿ ಬರೆದು ದಿನಾಂಕ ಹಾಕಿ.

ಹಂತ 7: ಕರಾರು ಬರೆಸಿ ನೋಂದಾಯಿಸುವುದು

ಇಲ್ಲಿ ಮಾಡಿಕೊಳ್ಳುವುದು ಲೀವ್ ಆ್ಯಂಡ್ ಲೈಸೆನ್ಸ್ ಕರಾರು, ಅಂದರೆ ಗೊತ್ತಾದ ಅವಧಿಗೆ ವಾಸ ಮಾಡಲು ಮಾಲೀಕರು ಕೊಡುವ ಅನುಮತಿ. ದಲ್ಲಾಳಿಗಳು ಭಾಡೇಕರಾರ್ ಎನ್ನುತ್ತಾರೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ ಇದು ಬರಹದಲ್ಲಿರಬೇಕು ಮತ್ತು ನೋಂದಣಿಯಾಗಬೇಕು, ಅವಧಿ ಹನ್ನೊಂದು ತಿಂಗಳಿದ್ದರೂ ಸರಿಯೇ. ನೋಂದಣಿಯ ಹೊಣೆ ಮಾಲೀಕರದು. ತಪ್ಪಿದರೆ ಅವರಿಗೆ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನೋಂದಣಿಯಾಗದಿದ್ದಾಗ ವ್ಯಾಜ್ಯ ಎದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಸುಳ್ಳೆಂದು ಸಾಬೀತಾಗುವ ತನಕ. ‘ನೋಂದಣಿ ಯಾಕೆ, ನೋಟರಿ ಸಾಕು’ ಎನ್ನುವ ಮಾಲೀಕರಿಗೆ ಈ ಕಲಮನ್ನು ವಿನಯದಿಂದಲೇ ನೆನಪಿಸಿದರೆ ಬಹುಮಟ್ಟಿಗೆ ಒಪ್ಪುತ್ತಾರೆ, ಏಕೆಂದರೆ ನೋಂದಣಿಯಿಂದ ಹೆಚ್ಚಿನ ರಕ್ಷಣೆ ಅವರಿಗೇ ಸಿಗುತ್ತದೆ.

ನೋಂದಣಿಗೆ ಕಚೇರಿಗೆ ಹೋಗಬೇಕಿಲ್ಲ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಕರಾರು ತುಂಬಿಸಿ, ಲ್ಯಾಪ್‌ಟಾಪು ಮತ್ತು ಬೆರಳಚ್ಚಿನ ಯಂತ್ರ ಹಿಡಿದು ಏಜೆಂಟರು ಮನೆಗೇ ಬರುತ್ತಾರೆ. ಹೊಲದ ಕೆಲಸದಿಂದ ಬೆರಳಗೆರೆ ಸವೆದ ಹಿರಿಯರ ಹೆಬ್ಬೆಟ್ಟನ್ನು ಯಂತ್ರ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಕೈ ತೊಳೆದು, ಒದ್ದೆ ಬಟ್ಟೆಯಲ್ಲಿ ಬೆರಳ ತುದಿ ಒರೆಸಿ, ಮತ್ತೆ ಮತ್ತೆ ಒತ್ತಿಸಬೇಕಾಗುತ್ತದೆ. ತಂದೆಯದು ಹಿಡಿಯದಿದ್ದರೆ ತಾಯಿಯ ಹೆಸರಿನಲ್ಲಿ ಕರಾರು ಮಾಡುವ ದಾರಿಯನ್ನು ತೆರೆದಿಟ್ಟುಕೊಳ್ಳಿ.

ಖರ್ಚನ್ನು ನೀವೇ ಲೆಕ್ಕ ಹಾಕಬಹುದು. ಅವಧಿಯ ಒಟ್ಟು ಬಾಡಿಗೆಗೆ, ಹಿಂದಿರುಗುವ ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಹಿಡಿದು ಕೂಡಿಸಿ, ಆ ಮೊತ್ತದ ಶೇ. 0.25 ಮುದ್ರಾಂಕ ಶುಲ್ಕ. ಉದಾಹರಣೆಗೆ 18,000 ಬಾಡಿಗೆ, 40,000 ಡಿಪಾಸಿಟ್, ಹನ್ನೊಂದು ತಿಂಗಳು ಎಂದರೆ ಬಾಡಿಗೆ 1,98,000, ಡಿಪಾಸಿಟ್‌ನ ಬಡ್ಡಿ ಸುಮಾರು 3,667, ಒಟ್ಟು 2,01,667. ಮುದ್ರಾಂಕ ಶುಲ್ಕ ಐನೂರರ ಆಸುಪಾಸು. ನಗರ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000. ಏಜೆಂಟ್ ಇದಕ್ಕಿಂತ ಎಷ್ಟು ಹೆಚ್ಚು ಕೇಳುತ್ತಾನೋ ಅದು ಅವನ ಕೂಲಿ. ಖರ್ಚು ಯಾರದು, ಅರ್ಧರ್ಧವೇ ಎಂಬುದು ಮಾತಾಡಿ ತೀರ್ಮಾನಿಸುವ ವಿಷಯ.

ಹೆಬ್ಬೆಟ್ಟು ಒತ್ತುವ ಹಿಂದಿನ ದಿನ ಕರಡನ್ನು ಕೇಳಿ ಪಡೆದು ಓದಬೇಕು. ಕರಡು ಮರಾಠಿಯಲ್ಲಿದ್ದು ಓದಲು ತೊಡಕಾದರೆ ಇಂಗ್ಲಿಷಿನಲ್ಲಿ ಮಾಡಿಸಿಕೊಡಲು ಹೇಳಿ. ಅರ್ಥವಾಗದ ಕಾಗದಕ್ಕೆ ಬೆರಳು ಕೊಡಬೇಡಿ. ಮೊದಲು ನೋಡಬೇಕಾದದ್ದು ಲಾಕ್‌ಇನ್ ಅವಧಿ: ಆರು ತಿಂಗಳು ಬಿಡುವಂತಿಲ್ಲ ಎಂಬ ಕಟ್ಟು ನಿಮಗಿದ್ದರೆ, ಆ ಆರು ತಿಂಗಳು ಬಿಡಿಸುವಂತಿಲ್ಲ ಎಂಬ ಕಟ್ಟು ಮಾಲೀಕರಿಗೂ ಇರಬೇಕು. ನೋಟಿಸು ಎಷ್ಟು ದಿನದ್ದು, ಡಿಪಾಸಿಟ್ ಕೀಲಿ ಕೊಟ್ಟ ದಿನವೇ ಬರುತ್ತದೋ ಎಷ್ಟು ದಿನದೊಳಗೆ ಬರುತ್ತದೋ, ಬಣ್ಣಕ್ಕೆಂದು ಹಣ ಹಿಡಿಯುತ್ತಾರೋ, ಸೊಸೈಟಿಯ ಮೇಂಟೆನೆನ್ಸ್ ಬಾಡಿಗೆಯಲ್ಲಿ ಸೇರಿದೆಯೋ, ನವೀಕರಣಕ್ಕೆ ಎಷ್ಟು ಏರಿಕೆ ಎಂಬುದೆಲ್ಲ ಅಂಕಿಯಲ್ಲಿ ಇರಬೇಕು. ‘ಪರಸ್ಪರ ಒಪ್ಪಿಗೆಯಂತೆ’ ಎಂಬ ಮಾತು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಮುಂದೆ ಜಗಳ ಕಾದಿದೆ.

ಹಲವರು ಸೇರಿ ಹಿಡಿದ ಫ್ಲಾಟಿನಲ್ಲಿ ಎಲ್ಲರ ಹೆಸರೂ ಕರಾರಿನಲ್ಲಿ ಬರಲಿ. ಒಬ್ಬನ ಹೆಸರಿನಲ್ಲಿ ಮಾತ್ರ ಇದ್ದರೆ ಉಳಿದವರು ಅವನ ಕೃಪೆಯಲ್ಲಿ ಇದ್ದಂತೆ, ಮತ್ತು ಅವರು ಬಾಡಿಗೆ ಬಾಕಿ ಇಟ್ಟು ಹೊರಟರೆ ತೆರಬೇಕಾದವನೂ ಅವನೊಬ್ಬನೇ. ಡಿಪಾಸಿಟ್‌ನಲ್ಲಿ ಯಾರ ಪಾಲು ಎಷ್ಟು, ನಡುವೆ ಬಿಡುವವರು ಬದಲಿಯನ್ನು ತರಬೇಕೇ ಎಂಬುದನ್ನು ತಮ್ಮೊಳಗೆ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಳ್ಳುವುದು ಗೆಳೆತನಕ್ಕೂ ಒಳ್ಳೆಯದೇ.

ನೋಂದಣಿ ಮುಗಿದ ಮೇಲೆ ಕರಾರಿನ ಜೊತೆಗೆ ನೋಂದಣಿಯ ಸಾರಾಂಶವಿರುವ ಇಂಡೆಕ್ಸ್–2 ಪ್ರತಿಯನ್ನು ಪಡೆಯಿರಿ. ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೆ ಕೊಡುವುದು ಮಾಲೀಕರ ಕೆಲಸ. ಪುಣೆ ಪೊಲೀಸರ ಜಾಲತಾಣದಲ್ಲಿ ಅದಕ್ಕೆ ಅವಕಾಶವಿದೆ. ಕೊಟ್ಟದ್ದರ ಸ್ವೀಕೃತಿಯ ಪ್ರತಿ ನಿಮ್ಮಲ್ಲಿರಲಿ.

ಹಂತ 8: ಹಣ ಕೊಡುವುದು

ಈಗ ಹಣದ ಸರದಿ. ನೋಂದಣಿಗೆ ಮುಂಚೆಯೇ ರೂಮು ಕಾದಿರಿಸಲು ಟೋಕನ್ ಕೊಡಲೇಬೇಕಾದರೆ ಚಿಕ್ಕ ಮೊತ್ತ ಕೊಟ್ಟು, ಅದು ಡಿಪಾಸಿಟ್‌ಗೆ ಜಮೆಯಾಗುತ್ತದೆ, ನೋಂದಣಿ ಆಗದಿದ್ದರೆ ಹಿಂದಿರುಗುತ್ತದೆ ಎಂಬ ಮಾತನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಮಾಲೀಕರಿಂದ ಬರೆಸಿಕೊಳ್ಳಿ. ಡಿಪಾಸಿಟ್ ಮತ್ತು ಬಾಡಿಗೆ ಎರಡೂ ಕರಾರಿನಲ್ಲಿ ಹೆಸರಿರುವ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಬೇಕು, ದಲ್ಲಾಳಿಯ ಖಾತೆಗೆ ಅಲ್ಲ. ಡಿಪಾಸಿಟ್‌ನಲ್ಲಿ ಅರ್ಧವನ್ನು ನಗದು ಕೊಡಿ, ಕರಾರಿನಲ್ಲಿ ಅರ್ಧವನ್ನೇ ತೋರಿಸೋಣ ಎಂಬ ಸಲಹೆ ಬಂದರೆ ಒಪ್ಪಬೇಡಿ: ಕರಾರಿನಲ್ಲಿ ಇಲ್ಲದ ಹಣವನ್ನು ಹಿಂದಕ್ಕೆ ಕೇಳುವಾಗ ನಿಮ್ಮ ಬಳಿ ಏನೂ ಇರುವುದಿಲ್ಲ.

ಹಂತ 9: ಕೀಲಿ ಪಡೆದ ದಿನ

ಸಾಮಾನು ಇಳಿಸುವ ಮೊದಲು ಖಾಲಿ ಕೋಣೆಯ ವಿಡಿಯೊ ತೆಗೆಯಿರಿ. ಒಡೆದ ಟೈಲ್ಸು, ಗೋಡೆಯ ಮೊಳೆಯ ತೂತು, ಗೀಸರಿನ ಸ್ಥಿತಿ, ಫ್ಯಾನಿನ ಸದ್ದು, ಮೀಟರಿನ ಅಂಕಿ ಎಲ್ಲ ಅದರಲ್ಲಿರಲಿ, ಆ ದಿನವೇ ಮಾಲೀಕರಿಗೆ ಕಳಿಸಿ. ಹಿಂದಿನವರ ವಿದ್ಯುತ್ ಬಾಕಿ ಇದ್ದರೆ ಮಹಾವಿತರಣದ ಆ್ಯಪ್‌ನಲ್ಲಿ ಗ್ರಾಹಕ ಸಂಖ್ಯೆ ಹಾಕಿದಾಗ ಕಾಣುತ್ತದೆ. ಒಲೆಗೆ ಐದು ಕಿಲೋದ ಚಿಕ್ಕ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆಯೂ ಸಿಗುತ್ತದೆ. ಕಳ್ಳದಾರಿಯಲ್ಲಿ ತುಂಬಿಸುವ ಸಿಲಿಂಡರಿನ ಗೊಡವೆ ಬೇಡ.

ಹಂತ 10: ಬಿಡುವಾಗ

ನೋಟಿಸನ್ನು ಬಾಯಿಮಾತಿನಲ್ಲಿ ಕೊಡದೆ ಇ–ಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ದಿನಾಂಕ ಸಹಿತ ಕೊಡಿ. ಅವಧಿ ಮುಗಿದ ಮೇಲೂ ಬಿಡದೆ ಕುಳಿತರೆ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೆಯ ಕಲಮಿನಂತೆ ಬಾಡಿಗೆಯ ಎರಡರಷ್ಟು ತೆರಬೇಕಾಗುತ್ತದೆ. ಹೀಗಾಗಿ ಪರೀಕ್ಷೆ ಕರಾರಿನ ಕೊನೆಯ ದಿನವನ್ನು ದಾಟಿ ಹೋಗುವಂತಿದ್ದರೆ ಒಂದು ತಿಂಗಳು ಮೊದಲೇ ಮಾಲೀಕರೊಡನೆ ಮಾತನಾಡಿ, ಹೊಸ ಕರಾರು ಮಾಡಿಸಿ.

ಕೊನೆಯ ತಿಂಗಳ ಬಾಡಿಗೆಯನ್ನು ಡಿಪಾಸಿಟ್‌ನಲ್ಲಿ ಹಿಡಿದುಕೊಳ್ಳಿ ಎಂದು ನೀವೇ ತೀರ್ಮಾನಿಸಿಬಿಡುವುದು ಕರಾರನ್ನು ಮುರಿದಂತೆ. ಮಾಲೀಕರು ಒಪ್ಪಿ ಬರೆದುಕೊಟ್ಟರೆ ಮಾತ್ರ ಹಾಗೆ ಮಾಡಿ. ಕೊನೆಯ ದಿನ ಇಬ್ಬರೂ ಕೋಣೆಯಲ್ಲಿ ನಿಂತು ಹಳೆಯ ವಿಡಿಯೊ ಜೊತೆ ಹೋಲಿಸಿ, ಮೀಟರ್ ಓದಿ, ಕಡಿತಗಳನ್ನು ಬರೆದು, ಹಣ ಖಾತೆಗೆ ಬಂದ ಮೇಲೆ ಕೀಲಿ ಕೊಡುವುದು ಸರಿಯಾದ ಕ್ರಮ. ‘ಊರಿಗೆ ಹೋಗಿ, ಕಳಿಸುತ್ತೇನೆ’ ಎಂದವರಿಂದ ಎಷ್ಟು ಮೊತ್ತ, ಯಾವ ದಿನಾಂಕದೊಳಗೆ ಎಂದು ಬರೆಸಿಕೊಂಡು ಹೊರಡಿ. ಆ ದಿನ ದಾಟಿದರೆ ಮೊದಲು ಸ್ಪೀಡ್ ಪೋಸ್ಟಿನಲ್ಲಿ ಪತ್ರ, ನಂತರ ವಕೀಲರ ನೋಟಿಸು. ಅದಕ್ಕೂ ಬಗ್ಗದಿದ್ದರೆ ಇಂಥ ವ್ಯಾಜ್ಯಗಳನ್ನು ಕೇಳುವ ಸ್ಮಾಲ್ ಕಾಸಸ್ ಕೋರ್ಟು ಪುಣೆಯಲ್ಲೇ ಇದೆ, ಅಲ್ಲಿ ನೋಂದಾಯಿತ ಕರಾರು ಮತ್ತು ಬ್ಯಾಂಕಿನ ದಾಖಲೆ ಎರಡನ್ನೂ ಮುಂದಿಡಬೇಕಾಗುತ್ತದೆ.